ಬೇಕಲಕ್ಕೆ ಹೋಗುವವರಿಗೆ ಒಳದಾರಿಯೂ ಇದೆ

ಮಾನ್ಯ ಸಂಪಾದಕರೇ,

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿ ಷಟ್ಪಥವಾದ ಮೇಲೆ, ಮಂಗಳೂರು ಕಡೆಯಿಂದ ನಮ್ಮ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಗೆ ಹೊರಟವರಿಗೆ ಉಪ್ಪಳ, ಕುಂಬಳೆ ಯಾವಾಗ ದಾಟಿತೆಂದೇ ತಿಳಿಯುವುದಿಲ್ಲ. ಹೆದ್ದಾರಿಯ ಬಗ್ಗೆ ತಕರಾರಿಲ್ಲ. ದೊಡ್ಡ ಕಾಯಿಲೆಗೆಲ್ಲ ಮಂಗಳೂರನ್ನೇ ನಂಬಿರುವ ನಮಗೆ ಅದರ ಬೆಲೆ ಗೊತ್ತು. ಆದರೆ ಪ್ರವಾಸೋದ್ಯಮ ಇಲಾಖೆಯವರೂ ಅದೇ ವೇಗದಲ್ಲಿ ಬೇಕಲಕ್ಕೆ ಓಡಬೇಕೆಂದಿಲ್ಲವಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯ 1989ರಿಂದ ಕೆಲವು ರಸ್ತೆಗಳನ್ನು ನಿಸರ್ಗ ಮತ್ತು ಚರಿತ್ರೆಯ ದಾರಿಗಳೆಂದು ಗುರುತಿಸುತ್ತ ಬಂದಿದೆ. ಈಗ ಅಂಥವು 26 ಇವೆ. ದಾರಿಯುದ್ದಕ್ಕೂ ಕೊಲಂಬೈನ್ ಹೂವಿನ ಚಿತ್ರದ ಫಲಕಗಳು. 1991ರಲ್ಲಿ ಅಲ್ಲಿನ ಕೇಂದ್ರ ಸರ್ಕಾರವೂ ಇಂಥದೇ ಯೋಜನೆ ತಂದಿತು. ನನಗೆ ಹಿಡಿಸಿದ್ದು ಹೂವಿನ ಫಲಕವಲ್ಲ. ಹೀಗೆ ಗುರುತಿಸಿದ ಪ್ರಧಾನ ಹೆದ್ದಾರಿಗಳ ಬದಿಯಲ್ಲಿ ಹೊಸ ಜಾಹೀರಾತು ಹೋರ್ಡಿಂಗ್ ನಿಲ್ಲಿಸುವಂತಿಲ್ಲ ಎಂಬ ಕಾನೂನು. ಚಿನ್ನದಂಗಡಿಯ ನಗುಮುಖಗಳಿಲ್ಲದ ರಸ್ತೆಯನ್ನು ನಮ್ಮಲ್ಲಿ ಊಹಿಸಿಕೊಳ್ಳುವುದೂ ಕಷ್ಟ!

ಕೇರಳ ಸರ್ಕಾರ ಇಂಥದ್ದನ್ನು ಮಾಡಲು ಮನಸ್ಸು ಮಾಡಿದರೆ ಮೊದಲ ದಾರಿ ಇಲ್ಲಿಂದಲೇ ಶುರುವಾಗಲಿ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ ನೋಡಿ ಕುಂಬಳೆಗೆ ಬರುವುದು. ಯಕ್ಷಗಾನದವರಿಗೆ ಇದು ಕವಿ ಪಾರ್ತಿಸುಬ್ಬನ ಊರು. ಅಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕ ರಸ್ತೆ ಹಿಡಿದರೆ ಅನಂತಪುರದ ಸರೋವರ ದೇವಾಲಯ, ಬೇಳದ ಇಗರ್ಜಿ, ಬದಿಯಡ್ಕದ ಬಳಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ ಪೆರಡಾಲ. ಮಧೂರಿನ ಗಣಪತಿ ದೇವಸ್ಥಾನವನ್ನು ಬೇಕೆಂದೇ ಬಿಟ್ಟಿದ್ದೇನೆ, ಅಲ್ಲಿಗೆ ಜನ ಕರೆಯದೆಯೂ ಬರುತ್ತಾರೆ.

ಬದಿಯಡ್ಕದಿಂದ, ಮತ್ತೆ ಹೆದ್ದಾರಿ ಸೇರುವ ಚೆರ್ಕಳಕ್ಕೆ ಇಳಿಯುವಾಗ ಎಡನೀರು ಮಠ ಸಿಗುತ್ತದೆ. ಕೇರಳದ ಭೂಸುಧಾರಣೆ ಕಾನೂನಿನಲ್ಲಿ ಮಠದ ಜಮೀನು ಹೋಗುತ್ತದೆಂದು ಮಠಾಧಿಪತಿ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದಿತು. ಸ್ವಾಮೀಜಿಗೆ ಜಮೀನಿನಲ್ಲಿ ಆದ ಲಾಭ ಅಷ್ಟಕ್ಕಷ್ಟೆ, ದೇಶಕ್ಕೆ ಆದದ್ದು ದೊಡ್ಡದು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಈ ಕತೆಯನ್ನು ಎಡನೀರಿನ ರಸ್ತೆ ಬದಿಯಲ್ಲಿ ನಾಲ್ಕು ಸಾಲಿನಲ್ಲಾದರೂ ಬರೆದು ಹಾಕಬೇಡವೇ?

ಸಮಯವಿದ್ದವರು ಬದಿಯಡ್ಕದಿಂದ ಪೆರ್ಲದತ್ತ ತಿರುಗಲಿ. ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಸುರಂಗಗಳಿವೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದವು. ಒಳಗೆ ಒಸರುವ ನೀರು ತಾನಾಗಿಯೇ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಅಡಿಕೆ ತೋಟಗಳು ಇದೇ ನೀರಿನಲ್ಲಿ ಬೆಳೆದಿವೆ. ಮನೆಯವರ ಒಪ್ಪಿಗೆ ಪಡೆದು ಒಂದೆರಡನ್ನು ತೋರಿಸಬಹುದು.

ಎಣ್ಮಕಜೆ ಪಂಚಾಯತಿನ ಪಡ್ರೆಯ ‘ಸ್ವರ್ಗ’ ಎಂಬ ಊರನ್ನು ಮಾತ್ರ ನಕ್ಷೆಯಿಂದ ಜಾರಿಸಬಾರದು. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ನೇ ಇಸವಿಯವರೆಗೂ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, ಜನ ಅದರ ವಿರುದ್ಧ ಎದ್ದು ನಿಂತದ್ದು ಈ ನೆಲದ ಚರಿತ್ರೆಯೇ. ಸಂತ್ರಸ್ತರ ಮನೆಗೆ ಕ್ಯಾಮೆರಾ ಹಿಡಿದು ನುಗ್ಗುವುದು ಬೇಡ. ನಡೆದದ್ದನ್ನು ಮುಚ್ಚಿಡದೆ ಹೇಳುವ ಫಲಕವೊಂದು ಸಾಕು.

ಫಲಕಗಳು ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕೆಂದು ಬೇರೆ ಹೇಳಬೇಕಿಲ್ಲ. ಕನ್ನಡ ಬಲ್ಲವರೊಬ್ಬರಿಂದ ಓದಿಸಿಯೇ ಬರೆಸಲಿ.

ಮಳೆಗಾಲದಲ್ಲಿ ಹೊಂಡ ಬೀಳುವ ರಸ್ತೆಗೆ ಚಂದದ ಹೆಸರಿಟ್ಟರೆ ನಗೆಪಾಟಲು. ಆದ್ದರಿಂದ ಮೊದಲು ಡಾಮರು, ಚರಂಡಿ, ಶೌಚಾಲಯ, ಬೋರ್ಡು ಆಮೇಲೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಪಂಚಾಯತುಗಳು ಮುಂದಿನ ಸಭೆಯಲ್ಲೇ ಈ ಬಗ್ಗೆ ನಿರ್ಣಯ ಮಾಡಿ ಜಿಲ್ಲಾ ಪ್ರವಾಸೋದ್ಯಮ ಮಂಡಳಿಗೆ ಕಳುಹಿಸಲಿ. ಹೋರ್ಡಿಂಗ್ ಬೇಡವೆಂಬ ಸಾಲನ್ನು ಅದರಲ್ಲಿ ಮರೆಯದೆ ಸೇರಿಸಲಿ.

ಇತಿ,
ಒಬ್ಬ ಓದುಗ, ಬದಿಯಡ್ಕ