ಹಲ್ಲು ಬಿಳುಪು ಮಾಡಿಸಿಕೊಳ್ಳುವ ಮುನ್ನ

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ. ಮದುವೆಯ ದಿನಗಳು ಹತ್ತಿರವಾದಂತೆ ಹಲ್ಲು ಬಿಳುಪು ಮಾಡುವ ಜೆಲ್, ಪುಡಿಗಳ ಬಗ್ಗೆ ಹಲವರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕ್ಲಿನಿಕ್‌ನಲ್ಲಿ ದಂತವೈದ್ಯರು ಸಾಮಾನ್ಯವಾಗಿ ಶೇ. 25ರಿಂದ 40ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುವ ಜೆಲ್ಲನ್ನು, ವಸಡಿಗೆ ತಾಗದಂತೆ ರಕ್ಷಣೆ ಕೊಟ್ಟು ಹಚ್ಚುತ್ತಾರೆ. ಒಂದೆರಡು ಭೇಟಿಯಲ್ಲೇ ವ್ಯತ್ಯಾಸ ಕಾಣುತ್ತದೆ, ಆದರೆ ಖರ್ಚು ಹೆಚ್ಚು. ಸಮಯವಿರುವವರಿಗೆ, ವೈದ್ಯರು ನಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವ ಟ್ರೇಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ಸುಮಾರು ಎರಡು ವಾರ ರಾತ್ರಿ ಧರಿಸುವ ವಿಧಾನವೇ ಮೇಲೆಂದು ನನ್ನ ಅಭಿಪ್ರಾಯ. ಇದು ನಿಧಾನವಾದರೂ ಕೊನೆಗೆ ಬರುವ ಬಣ್ಣ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿರುತ್ತದೆ, ಹಲ್ಲು ಜುಮ್ಮೆನ್ನುವುದೂ ಕಡಿಮೆ.

ನಿಂಬೆರಸಕ್ಕೆ ಉಪ್ಪು ಬೆರೆಸಿ ತಿಕ್ಕುವುದನ್ನು ದಯವಿಟ್ಟು ಬಿಡಿ. ನನ್ನ ತಂಗಿ ತಿಂಗಳುಗಟ್ಟಲೆ ಹಾಗೆ ಮಾಡಿ, ಈಗ ತಣ್ಣೀರಿನ ಲೋಟ ತುಟಿಗೆ ತಾಗಿಸಿದರೂ ಮುಖ ಹಿಂಡುತ್ತಾಳೆ. ಆಮ್ಲದಿಂದ ಸವೆದ ಎನಾಮಲ್ (ಹಲ್ಲಿನ ಗಟ್ಟಿಯಾದ ಹೊರಪದರ) ಮತ್ತೆ ಬೆಳೆಯುವುದಿಲ್ಲ; ಅದು ತೆಳುವಾದಷ್ಟೂ ಒಳಪದರವಾದ ಡೆಂಟಿನ್‌ನ ಹಳದಿಯೇ ಎದ್ದು ಕಾಣುತ್ತದೆ.

ಕಾಫಿ, ಎಲೆಅಡಿಕೆಯ ಕಲೆಗಳು ಬಹಳಷ್ಟು ಸಲ ಬರಿಯ ಸ್ಕೇಲಿಂಗ್‌ನಿಂದಲೇ (ದಂತವೈದ್ಯರು ಹಲ್ಲಿನ ಮೇಲಿನ ಪಾಚಿ ಕೆರೆದು ಶುಚಿ ಮಾಡುವುದು) ಹೋಗುತ್ತವೆ. ಆದರೆ ಕೋಲಾರ, ತುಮಕೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಕಾಣುವ ಫ್ಲೋರೋಸಿಸ್‌ನ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ತೊಂದರೆ) ಕಂದು ಕಲೆ ಎನಾಮಲ್‌ನೊಳಗೇ ಇರುವುದರಿಂದ, ಅದಕ್ಕೆ ಬೇರೆಯ ಚಿಕಿತ್ಸೆಯೂ ಬೇಕಾಗಬಹುದು. ಕ್ಯಾಪ್ ಹಾಗೂ ಫಿಲ್ಲಿಂಗ್‌ಗಳ ಬಣ್ಣ ಯಾವ ಜೆಲ್‌ಗೂ ಬದಲಾಗುವುದಿಲ್ಲ. ಗರ್ಭಿಣಿಯರು ಸದ್ಯಕ್ಕೆ ಮುಂದೂಡುವುದು ಒಳ್ಳೆಯದು. ಹುಳುಕು ಅಥವಾ ವಸಡಿನ ತೊಂದರೆ ಇರುವವರು ಮೊದಲು ಅದನ್ನು ಗುಣಪಡಿಸಿಕೊಂಡು, ಮದುವೆಗೆ ಕನಿಷ್ಠ ಒಂದು ತಿಂಗಳಿರುವಾಗಲೇ ವೈದ್ಯರನ್ನು ಕಾಣಬೇಕೆಂದು ಕೋರುತ್ತೇನೆ.