ಭಾನುವಾರದ ಚರ್ಚೆ: ಗ್ರಿಗೊರಿ ಶೆಲಿಖೋವ್ ಜೀವನ

ಎಲ್ಲ ಸದಸ್ಯರಿಗೂ ನಮಸ್ಕಾರ. ಬರುವ ಭಾನುವಾರ ಸಂಜೆ 5 ಗಂಟೆಗೆ, 1784ರಲ್ಲಿ ಅಲಾಸ್ಕಾದ ಕೊಡಿಯಾಕ್ ದ್ವೀಪದಲ್ಲಿ ರಷ್ಯನ್ ವಸಾಹತು ಸ್ಥಾಪಿಸಿದ ಗ್ರಿಗೊರಿ ಶೆಲಿಖೋವ್‌ನ ಜೀವನದ ಕುರಿತು ನಮ್ಮ ಇತಿಹಾಸ ಓದುಗರ ಗುಂಪಿನಲ್ಲಿ ಚರ್ಚೆ ನಡೆಯಲಿದೆ.

ತುಪ್ಪಳದ ಈ ವ್ಯಾಪಾರಿ 1783ರಲ್ಲಿ ಪತ್ನಿ ನಟಾಲಿಯಾಳೊಂದಿಗೆ ರಷ್ಯಾದ ಪೂರ್ವ ತೀರದ ಬಂದರು ಒಖೋಟ್ಸ್ಕ್‌ನಿಂದ ಹಡಗೇರಿದ ಸಾಹಸವನ್ನು ಓದುವಾಗ, ಕಡಿದಾದ ಬಂಡೆದ್ವೀಪವೊಂದರಲ್ಲಿ ಆಶ್ರಯ ಪಡೆದಿದ್ದ, ಕೊಡಿಯಾಕ್ ಪ್ರದೇಶದ ಮೂಲನಿವಾಸಿಗಳಾದ ಅಲುಟಿಕ್ ಜನರ ಮೇಲೆ ಅವನ ಕಡೆಯವರು ಫಿರಂಗಿ ಹಾರಿಸಿ ನಡೆಸಿದ ಹತ್ಯಾಕಾಂಡವನ್ನೂ ಅವರ ಮಕ್ಕಳನ್ನು ಒತ್ತೆಯಾಳುಗಳಾಗಿ ಹಿಡಿದಿಟ್ಟದ್ದನ್ನೂ ದಯವಿಟ್ಟು ಯಾರೂ ಮೇಲುಮೇಲೆ ನೋಡಿ ಬಿಡಬಾರದು. ಹೆಚ್ಚಿನ ಸಮಯವನ್ನು ಆ ಭಾಗಕ್ಕೇ ಮೀಸಲಿಟ್ಟಿದ್ದೇವೆ. 1795ರಲ್ಲಿ ಅವನು ತೀರಿಕೊಂಡ ಮೇಲೆ ನಟಾಲಿಯಾ ವ್ಯವಹಾರ ಮುನ್ನಡೆಸಿದ್ದು, 1799ರಲ್ಲಿ ಅಲಾಸ್ಕಾದ ರಷ್ಯನ್ ವಸಾಹತುಗಳ ವ್ಯಾಪಾರ ಮತ್ತು ಆಡಳಿತ ನಡೆಸಿದ ರಷ್ಯನ್-ಅಮೆರಿಕನ್ ಕಂಪನಿ ರೂಪುಗೊಂಡದ್ದು ಕೊನೆಗೆ ಬರುತ್ತವೆ.

ಮಾತನಾಡಲು ಇಚ್ಛಿಸುವವರು ಶುಕ್ರವಾರದೊಳಗೆ ತಮ್ಮ ಹೆಸರು ಮತ್ತು ಆಯ್ದ ಭಾಗವನ್ನು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.