ಈಸಿ ಒತ್ತಲು ಸಂಕೋಚ ಬೇಡ

ಮಾನ್ಯ ಸಂಪಾದಕರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದ ಮೇಲೆ ‘ಗೇಮಿಂಗ್’ ಅಂದರೆ ಜೂಜು ಎಂದೇ ಅನೇಕರು ತಿಳಿದಂತಿದೆ. ಪಣವಿಲ್ಲದ ಆಟಗಳನ್ನು ಆ ಕಾಯ್ದೆಯೇ ಬೇರೆ ಮಾಡಿ ಇಟ್ಟಿದೆ. ಒಮ್ಮೆ ದುಡ್ಡು ಕೊಟ್ಟು ಕೊಂಡು, ಮನೆಯಲ್ಲಿ ಕೂತು ಕಥೆ ಮುಗಿಸುವ ಗೇಮ್‌ಗಳ ಹವ್ಯಾಸಿಗಳೂ ಕಡಿಮೆಯಿಲ್ಲ. ಅವರ ದುಡ್ಡು ಪೋಲಾಗುವ ದಾರಿ ಬೇರೆ: ಸೇಲ್‌ನಲ್ಲಿ ಕೊಳ್ಳುವುದು, ಮೂರು ದಿನ ಆಡುವುದು, ಒಂದು ಬಾಸ್ (ದೊಡ್ಡ ಶತ್ರು) ಹತ್ತಿರ ಸಿಕ್ಕಿಕೊಂಡು ಕೈಬಿಡುವುದು, ಮುಂದಿನ ಸೇಲ್‌ಗೆ ಕಾಯುವುದು. ಹೀಗೆ ಕಪಾಟು ತುಂಬಲು ಬಹುಮಟ್ಟಿಗೆ ಕಾರಣ, ಆಟ ಎಷ್ಟು ಕಷ್ಟವಿರಬೇಕು, ಈಸಿಯೋ ನಾರ್ಮಲ್ಲೋ ಹಾರ್ಡೋ ಎಂದು ಶುರುವಿನಲ್ಲೇ ಕೇಳುವ ಡಿಫಿಕಲ್ಟಿ ಪ್ರಶ್ನೆಗೆ ಪ್ರತಿಷ್ಠೆಗಾಗಿ ‘ಹಾರ್ಡ್’ ಎಂದು ಉತ್ತರಿಸುವುದು.

ಹಾರ್ಡ್ ಒತ್ತಿದರೆ ಒಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಎಷ್ಟೋ ಗೇಮ್‌ಗಳಲ್ಲಿ ಬದಲಾಗುವುದು ಎರಡೇ ಅಂಕಿ: ಶತ್ರುವಿನ ಆಯಸ್ಸು, ನಮಗೆ ಬೀಳುವ ಪೆಟ್ಟು. ಐದು ಏಟಿಗೆ ಸಾಯುವವನು ಹತ್ತು ಏಟಿಗೆ ಸಾಯುತ್ತಾನೆ, ಅಷ್ಟೆ. ಹೊಸ ಯುಕ್ತಿ ಬೇಕಾಗುವುದಿಲ್ಲ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. 1993ರ ‘ಡೂಮ್’ ಎಂಬ ಶೂಟಿಂಗ್ ಗೇಮ್ ಡಿಫಿಕಲ್ಟಿ ಹಂತಗಳನ್ನು ಎಷ್ಟು ಚೆನ್ನಾಗಿ ಮಾಡಿತ್ತು! ರಾಕ್ಷಸರ ಆಯಸ್ಸು ಅಲ್ಲಿ ಎಲ್ಲ ಹಂತದಲ್ಲೂ ಒಂದೇ. ಹಂತ ಏರಿದಂತೆ ಅವರ ಸಂಖ್ಯೆ ಮತ್ತು ನಿಲ್ಲಿಸಿದ ಜಾಗ ಬದಲಾಗುತ್ತದೆ. ಅತಿ ಸುಲಭ ಹಂತದಲ್ಲಿ ನಮಗೆ ಬೀಳುವ ಪೆಟ್ಟು ಅರ್ಧ, ಸಿಗುವ ಗುಂಡು ದುಪ್ಪಟ್ಟು. ಐದನೆಯದಾದ ‘ನೈಟ್‌ಮೇರ್’ನಲ್ಲಿ ಸತ್ತವರು ಮತ್ತೆ ಎದ್ದು ಬರುತ್ತಾರೆ, ಅವರ ವೇಗವೂ ಹೆಚ್ಚು, ಆದರೆ ಅಲ್ಲೂ ಗುಂಡು ದುಪ್ಪಟ್ಟೇ. ಹಂತ ಬದಲಾದರೆ ಆಡುವ ರೀತಿಯೂ ಬದಲಾಗಬೇಕಾಗುತ್ತದೆ. ‘ವಿಚರ್ 3’ರಲ್ಲೂ ಅತಿ ಕಷ್ಟದ ಎರಡು ಹಂತಗಳಲ್ಲಿ ನಾಯಕ ಧ್ಯಾನಕ್ಕೆ ಕೂತರೆ ಗಾಯ ಮಾಯುವುದಿಲ್ಲ, ತಿನ್ನಲು ಕುಡಿಯಲು ಜೊತೆಯಲ್ಲಿ ಇಟ್ಟುಕೊಳ್ಳಲೇಬೇಕು. ಇಂಥ ಗೇಮ್‌ಗಳಲ್ಲಿ ಹಾರ್ಡ್ ಆರಿಸುವುದಕ್ಕೆ ಅರ್ಥವಿದೆ. ಆಯಸ್ಸು ಹಿಗ್ಗಿಸುವ ಗೇಮ್‌ಗಳಲ್ಲಿ ಈಸಿಯೇ ಸಾಕು.

ನಾರ್ಮಲ್‌ನಲ್ಲಿ ಮುಗಿಸಿದೆ ಎನ್ನುವ ಹೆಮ್ಮೆಯನ್ನೂ ಸ್ವಲ್ಪ ಪರೀಕ್ಷಿಸಬಹುದು. 2005ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಆಟಗಾರ ಪದೇಪದೇ ಸತ್ತರೆ ಗೇಮ್ ಸದ್ದಿಲ್ಲದೆ ತನ್ನನ್ನು ಸಡಿಲಿಸಿಕೊಳ್ಳುತ್ತದೆ, ಚೆನ್ನಾಗಿ ಆಡಿದರೆ ಬಿಗಿಯಾಗುತ್ತದೆ. ‘ಪ್ರೊಫೆಷನಲ್’ ಹಂತದಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ. ಇದನ್ನೇ ಬಹಿರಂಗವಾಗಿ ಮಾಡುವ ಗೇಮ್‌ಗಳು ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತವೆ. ‘ಹೇಡಿಸ್’ನ ಗಾಡ್ ಮೋಡ್ ಮೊದಲಿಗೆ ಪೆಟ್ಟನ್ನು ಶೇ 20ರಷ್ಟು ತಗ್ಗಿಸಿ, ಪ್ರತಿ ಸಾವಿಗೂ ಆ ರಿಯಾಯಿತಿ ಶೇ 2ರಂತೆ ಏರಿ, ಶೇ 80ಕ್ಕೆ ನಿಲ್ಲುತ್ತದೆ. ‘ಸೆಲೆಸ್ಟ್’ನ ಅಸಿಸ್ಟ್ ಮೋಡ್‌ನಲ್ಲಿ ಇಡೀ ಗೇಮಿನ ವೇಗವನ್ನು ಶೇ 50ರವರೆಗೆ ಇಳಿಸಬಹುದು. ಕೈಬೆರಳು ಚುರುಕಿಲ್ಲದವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ‘ಎಲ್ಡನ್ ರಿಂಗ್’ನಂಥವುಗಳಲ್ಲಿ ಡಿಫಿಕಲ್ಟಿ ಮೆನುವೇ ಇಲ್ಲ ನಿಜ, ಆದರೆ ಸ್ಪಿರಿಟ್ ಆ್ಯಷಸ್ (ಜೊತೆಗೆ ಹೋರಾಡುವ ಆತ್ಮಗಳು) ಕರೆಯುವುದು, ಬೇರೆ ಆಟಗಾರರ ನೆರವು ಪಡೆಯುವುದು, ಬೇರೆ ಕಡೆ ಹೋಗಿ ಲೆವೆಲ್ (ಪಾತ್ರದ ಬಲ) ಏರಿಸಿಕೊಂಡು ಬರುವುದು ಗೇಮ್ ತಾನಾಗಿಯೇ ಕೊಟ್ಟಿರುವ ಸವಲತ್ತು. ಅದನ್ನು ಬಳಸಿದವರನ್ನು ಹೀಯಾಳಿಸುವ ಅಭ್ಯಾಸ ಹೋಗಬೇಕು.

ಡಿಫಿಕಲ್ಟಿ ಇಳಿಸುವ ಮುನ್ನ ಒಮ್ಮೆ ಟಿವಿ ನೋಡಿ. ಗೇಮ್ ವಿಪರೀತ ಕಷ್ಟ ಎಂಬ ದೂರಿಗೆ ಎಷ್ಟೋ ಸಲ ಟಿವಿಯೇ ಕಾರಣ. ಚಿತ್ರ ನಯವಾಗಿ ಕಾಣಲೆಂದು ಟಿವಿ ಪ್ರತಿ ಫ್ರೇಮನ್ನೂ (ಬಿಡಿ ಚಿತ್ರವನ್ನೂ) ಸಂಸ್ಕರಿಸುತ್ತದೆ, ಆ ವಿಳಂಬ ಕೆಲವು ಸೆಟ್‌ಗಳಲ್ಲಿ 100 ಮಿಲಿಸೆಕೆಂಡ್ ದಾಟುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್, ಅಲ್ಲಿಗೆ ನೀವು ಗುಂಡಿ ಒತ್ತುವುದು ಆರು ಫ್ರೇಮ್ ತಡ. ತಕ್ಕ ಕ್ಷಣಕ್ಕೆ ಏಟು ತಡೆಯಬೇಕಾದ ಗೇಮಿನಲ್ಲಿ ಅಷ್ಟು ಸಾಕು ಸೋಲಲು. ಪಿಕ್ಚರ್ ಮೋಡ್‌ಗೆ ಹೋಗಿ ‘ಗೇಮ್’ ಆರಿಸಿ. ಹಲವು ಟಿವಿಗಳು ಈ ಸೆಟ್ಟಿಂಗನ್ನು ಎಚ್‌ಡಿಎಂಐ ಪೋರ್ಟಿಗೊಂದರಂತೆ ನೆನಪಿಡುತ್ತವೆ, ಹಾಗಾಗಿ ಕನ್ಸೋಲ್ (ಗೇಮ್ ಯಂತ್ರ) ಚುಚ್ಚಿದ ಪೋರ್ಟ್ ಓಡುತ್ತಿರುವಾಗಲೇ ಬದಲಿಸಬೇಕು. ಬ್ಲೂಟೂತ್ ಹೆಡ್‌ಫೋನ್‌ನಲ್ಲೂ ಶಬ್ದ ತಡವಾಗಿ ಬರುತ್ತದೆ. ತಾಳ ನೋಡಿ ಒತ್ತುವ ಗೇಮ್‌ಗಳಿಗೆ ವೈರ್ ಇರುವುದೇ ಬೇಕು.

ಇನ್ನು ಸಮಯದ ಲೆಕ್ಕ. ‘ವಿಚರ್ 3’ರ ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ಕೆಲಸಕ್ಕೆ ಹೋಗುವವರು ವಾರಕ್ಕೆ ಆರು ಗಂಟೆ ಆಡಿದರೆ ಎರಡು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಸೇಲ್‌ನಲ್ಲಿ ಅಂಥದ್ದೇ ಇನ್ನೂ ನಾಲ್ಕು ಕೊಂಡರೆ ಅವು ಮೂಲೆ ಸೇರುತ್ತವೆ. ಉದ್ದದ್ದು ಒಂದು, ಎಂಟು ಹತ್ತು ಗಂಟೆಯದು ಒಂದು, ಏಕಕಾಲಕ್ಕೆ ಇವೆರಡೇ ಇರಲಿ. ಕರೆಂಟ್ ಹೋಗುವ ಊರುಗಳಲ್ಲಿ ಆಟೊಸೇವ್ (ಆಡಿದ್ದನ್ನು ಗೇಮ್ ತಾನೇ ಉಳಿಸುವ) ಚಿಹ್ನೆ ತಿರುಗುತ್ತಿರುವಾಗಲೇ ಯಂತ್ರ ನಿಂತರೆ ಸೇವ್ ಫೈಲ್ ಕೆಡಬಹುದು. ಒಂದೇ ಸ್ಲಾಟ್ ಮೇಲೆ ಬರೆಯುತ್ತಾ ಹೋಗದೆ ಮೂರು ಸ್ಲಾಟ್‌ಗಳಲ್ಲಿ ಸರದಿ ಪ್ರಕಾರ ಸೇವ್ ಮಾಡಿ.

ಕೊಳ್ಳುವಾಗ, ಪಿ.ಸಿ. ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ವಾಪಸಾತಿ ನಿಯಮ ನೆನಪಿರಲಿ: ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್. ಆ ಎರಡು ಗಂಟೆಯನ್ನು ಡಿಫಿಕಲ್ಟಿ ಪರೀಕ್ಷೆಗೇ ಬಳಸಿ. ಮೊದಲ ಅರ್ಧ ಗಂಟೆ ಹೆಚ್ಚಾಗಿ ಕಲಿಸುವ ಹಂತ, ಅದರಿಂದ ಏನೂ ತಿಳಿಯದು. ಮೊದಲ ನಿಜವಾದ ಹೋರಾಟದವರೆಗೆ ಹೋಗಿ. ಮೆನುವಿನಲ್ಲಿ ನಿಲ್ಲಿಸಿ ಊಟಕ್ಕೆ ಎದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ, ಗೇಮ್ ಮುಚ್ಚಿಯೇ ಏಳಿ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ಹಣ ಬರುವುದಿಲ್ಲ.

ಡಿಸ್ಕ್ ಕೂಡಿಡುವವರಿಗೆ ಒಂದು ಎಚ್ಚರಿಕೆ. ನಿಂಟೆಂಡೊ ಕನ್ಸೋಲ್ ‘ಸ್ವಿಚ್ 2’ರ ಗೇಮ್‌-ಕೀ ಕಾರ್ಡಿನಲ್ಲಿ ಗೇಮ್ ಇರುವುದೇ ಇಲ್ಲ, ಡೌನ್‌ಲೋಡ್ ಮಾಡುವ ಹಕ್ಕಷ್ಟೇ ಇರುತ್ತದೆ. ಡಿಸ್ಕ್ ಕೈಯಲ್ಲಿದ್ದರೂ ಸರ್ವರ್ ಮುಚ್ಚಿದರೆ ಗೇಮ್ ಹೋಯಿತು ಎಂಬುದಕ್ಕೆ ಕಾರ್ ರೇಸಿನ ‘ದಿ ಕ್ರೂ’ ಸಾಕ್ಷಿ: 2024ರ ಮಾರ್ಚ್ 31ರ ನಂತರ ಅದನ್ನು ಆಡುವಂತಿಲ್ಲ. ಸರ್ವರ್ ಬೇಡದ ಹಳೆಯ ಡಿಸ್ಕ್‌ಗಳು ಉಳಿಯುವುದು ನಮ್ಮ ಕೈಯಲ್ಲಿದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅವುಗಳಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಬಣ್ಣ ಬದಲಾದರೆ ಬದಲಿಸಿ. ಒರೆಸುವಾಗ ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತು ಸುತ್ತಾಗಿ ಒರೆಸಿದರೆ ಗೀರು ದತ್ತಾಂಶದ ಸಾಲಿನುದ್ದಕ್ಕೂ ಬಿದ್ದು ಯಂತ್ರಕ್ಕೆ ತಪ್ಪು ತಿದ್ದಿಕೊಳ್ಳಲು ಆಗುವುದಿಲ್ಲ. ಮೊದಲ ಪ್ಲೇಸ್ಟೇಷನ್‌ನ ಸಿ.ಡಿ.ಗಳಲ್ಲಿ ದತ್ತಾಂಶ ಲೇಬಲ್‌ನ ಕೆಳಗೇ ಇರುವುದರಿಂದ ಚಿತ್ರದ ಬದಿಯನ್ನೇ ಹೆಚ್ಚು ಕಾಪಾಡಬೇಕು. ಬ್ಲೂ-ರೇಯಲ್ಲಿ ಅದು ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಕಾರ್ಟ್ರಿಜ್‌ಗೆ ಬಾಯಿಂದ ಊದುವುದು ಬೇಡ, ಉಗುಳಿನ ತೇವಕ್ಕೆ ಲೋಹ ಕಿಲುಬುತ್ತದೆ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿ, ಪೂರಾ ಒಣಗಿದ ಮೇಲೆ ಹಾಕಿ.

ಕೊನೆಗೆ ತಮ್ಮಲ್ಲಿ ಒಂದು ಕೋರಿಕೆ. ಪತ್ರಿಕೆಯಲ್ಲಿ ಹೊಸ ಗೇಮ್‌ಗಳ ಪರಿಚಯ ಬರೆಸುವಾಗ ಚಿತ್ರ, ಶಬ್ದಗಳ ಹೊಗಳಿಕೆಯ ಜೊತೆ ನಾಲ್ಕು ಮಾಹಿತಿ ಕೊಡಿಸಿ: ಡಿಫಿಕಲ್ಟಿ ಹಂತಗಳು ಎಷ್ಟು ಮತ್ತು ಅವು ಏನನ್ನು ಬದಲಿಸುತ್ತವೆ, ಮಧ್ಯದಲ್ಲಿ ಬದಲಿಸಲು ಆಗುತ್ತದೆಯೇ, ಮುಗಿಸಲು ಎಷ್ಟು ಗಂಟೆ, ಇಂಟರ್‌ನೆಟ್ ಇಲ್ಲದೆ ಓಡುತ್ತದೆಯೇ. ಕೊಳ್ಳುವ ಮುಂಚೆ ಓದುಗರಿಗೆ ಬೇಕಿರುವುದು ಇದೇ.

ಇತಿ ತಮ್ಮ ವಿಶ್ವಾಸಿ,
ವಿಡಿಯೊ ಗೇಮ್ ಹವ್ಯಾಸಿ
ಶಿವಮೊಗ್ಗ